ದಿನಕ್ಕೊಂದು ತಪ್ಪು

"ಮಲಗಿದೋರಿಗೆ ಯಾರಾದ್ರೂ ಕನ್ನಡಕ ಹಾಕ್ತಾರೇನೋ?" ಎನ್ನುತ್ತ ದರ್ಜಿ, ತೀರಿಕೊಂಡ ಮೇಷ್ಟ್ರ ಕಿವಿಯಿಂದ ಕನ್ನಡಕದ ಕಡ್ಡಿ ಬಿಡಿಸುತ್ತಿದ್ದ.

"ಕೈ ತೆಗಿ ನೀನು." ಬಸ್ ಡ್ರೈವರ್ ಅದನ್ನು ಮತ್ತೆ ಮೂಗಿನ ಮೇಲೆ ಕೂರಿಸಿದ. "ಕನ್ನಡಕ ಇಲ್ದೆ ಇವರನ್ನ ನೋಡಿದೋರು ಯಾರಿದಾರೆ? ಹೋದ ಕಡೆ ಗುರುತು ಸಿಗೋದು ಬೇಡ್ವಾ?"

ಇಬ್ಬರೂ ಐವತ್ತು ದಾಟಿದವರು. ಒಂದು ಕಾಲಕ್ಕೆ ಒಂದೇ ಬೆಂಚಿನಲ್ಲಿ ಕೂತು ಮೇಷ್ಟ್ರ ಹತ್ತಿರ ಲೆಕ್ಕ ಕಲಿತವರು. ಕಿಟಕಿಯ ಪಕ್ಕ ನಿಂತಿದ್ದ ಟೀಚರಿಗೆ ನಗು ಬಂತು.

ಇಪ್ಪತ್ತೆರಡು ವರ್ಷ ಅವಳು ಮೇಷ್ಟ್ರ ಪಕ್ಕದ ಕೋಣೆಯಲ್ಲಿ ಭಾಷೆ ಕಲಿಸಿದವಳು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಅಷ್ಟೇ. ತಾನು ಪದ್ಯ ಓದುವಾಗ ಆ ಕಡೆಯಿಂದ ಮಗ್ಗಿ ಕೇಳುತ್ತಿತ್ತು. ಈ ಮನೆಗೆ ಅವಳು ಬಾಗಿಲು ತಟ್ಟಿ ಬಂದವಳೇ ಅಲ್ಲ. ಮೇಷ್ಟ್ರ ಹೆಂಡತಿಗೆ ಅವಳು ಒಡಹುಟ್ಟಿದ ತಂಗಿಗಿಂತ ಹೆಚ್ಚು. ಮೇಷ್ಟ್ರು ಶಾಲೆ ಬಿಟ್ಟದ್ದು ಯಾರ ಮಾತಿನಿಂದ ಎಂಬುದನ್ನು ಇವತ್ತಾದರೂ ಅಕ್ಕನಿಗೆ ಹೇಳಬೇಕು ಎಂದು ಗಟ್ಟಿಮನಸ್ಸು ಮಾಡಿ ಬಂದಿದ್ದಳು. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಲೇ ಒಂಬತ್ತು ವರ್ಷ ಕಳೆದಿತ್ತು. ಹೇಳಿದರೆ ಈ ಮನೆಯ ಹೊಸ್ತಿಲು ತನಗೆ ಇವತ್ತೇ ಕೊನೆ ಎಂಬುದೂ ಅವಳಿಗೆ ಗೊತ್ತಿತ್ತು.

"ತಪ್ಪು ಮೇಷ್ಟ್ರು ಅಂತ ಹೆಸರಿಟ್ಟಿದ್ದೇ ನಾನು," ದರ್ಜಿ ಯಾರಿಗೋ ಹೇಳುತ್ತಿದ್ದ.

"ನೀನೆಲ್ಲಿ ಇಟ್ಟೆ? ನಿಂಗೆ ಒಂದು ತಪ್ಪಾದ್ರೂ ಸಿಕ್ಕಿತ್ತಾ?"

"ನಂಗೆ ಸಿಗ್ತಿತ್ತು ಕಣೋ. ನಾಚಿಕೆಗೆ ಸುಮ್ನಿರ್ತಿದ್ದೆ."

"ಓಹೋ! ಅದಕ್ಕೇ ನನ್ನ ಅಂಗಿ ತೋಳು ಒಂದು ಉದ್ದ ಒಂದು ಗಿಡ್ಡ ಆದಾಗ್ಲೂ ಸುಮ್ನಿದ್ದೆ!"

*

ಮೇಷ್ಟ್ರು ದಿನಕ್ಕೊಂದು ತಪ್ಪನ್ನು ಬೇಕೆಂದೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಒಂದೇ ಒಂದು. ಕಂಡುಹಿಡಿದ ಮಗು "ಸಾರ್, ತಪ್ಪು!" ಎಂದು ಎದ್ದು ನಿಲ್ಲಬೇಕು. ಮೇಷ್ಟ್ರು ಸೊಂಟ ಬಗ್ಗಿಸಿ ಸೀಮೆಸುಣ್ಣ ಅದರ ಕೈಗೆ ಕೊಟ್ಟು, ತಾವು ಹೋಗಿ ಅದರ ಜಾಗದಲ್ಲಿ ಕೂರುತ್ತಿದ್ದರು.

ಟೀಚರ್ ಕೆಲಸಕ್ಕೆ ಸೇರಿದ ವಾರ ಅದನ್ನು ಕಂಡು ಬೆಚ್ಚಿದ್ದಳು. "ಮಕ್ಕಳು ನಿಮ್ಮನ್ನ ಹಗುರವಾಗಿ ತಗೊಳಲ್ವಾ ಸಾರ್?"

"ತಗೊಳ್ಳಲಿ ಬಿಡಮ್ಮ, ಭಾರ ಹೊತ್ಕೊಂಡು ನಾನೇನು ಮಾಡ್ಲಿ?" ಅವರು ಅಂಗೈಯ ಪುಡಿ ಕೊಡವಿದರು. "ಲೆಕ್ಕ ಯಾರು ಬೇಕಾದ್ರೂ ಕಲಿಸ್ತಾರೆ. ದೊಡ್ಡೋನು ತಪ್ಪಿದಾಗ ಅವನ ಎದುರಿಗೇ ಎದ್ದು ನಿಂತು ಹೇಳೋದಿದೆಯಲ್ಲ, ಅದನ್ನ ಕಲಿಸೋಕೆ ನಂಗೆ ಹತ್ತು ವರ್ಷ ಹಿಡೀತು. ಎದುರಿಗೆ ಹೇಳಿದ್ರೆ ತಿದ್ದಿದ ಹಾಗೆ. ಹಿಂದೆ ಹೇಳಿದ್ರೆ ಚಾಡಿ."

*

ಕೊನೆಯ ವರ್ಷ ಹಲಗೆಯ ಆಚೆಯಿಂದ "ಸಾರ್, ತಪ್ಪು!" ಮತ್ತೆ ಮತ್ತೆ ಕೇಳತೊಡಗಿತು. ಮಕ್ಕಳಿಗೆ ಹಬ್ಬ. "ಟೀಚರ್, ಇವತ್ತು ಐದು ಸಿಕ್ತು!" ಎಂದು ಕುಣಿಯುತ್ತ ಬರುತ್ತಿದ್ದವು.

ಒಂದು ಮಧ್ಯಾಹ್ನ ಅವಳು ಹಾಜರಿ ಪುಸ್ತಕ ಕೊಡಲು ಹೋದಾಗ ಬೋರ್ಡಿನ ಮೇಲೆ ಏಳೆಂಟಲ ಐವತ್ತನಾಲ್ಕು ಎಂದಿತ್ತು. ಎದ್ದು ನಿಂತ ಹುಡುಗಿ ಬೆರಳು ಮಾಡಿ ತೋರಿಸುತ್ತಿದ್ದಳು. ಮೇಷ್ಟ್ರು ಬೋರ್ಡಿನ ಹತ್ತಿರ ಮುಖ ಒಯ್ದು, "ಎಲ್ಲಿ?" ಎಂದರು. ಕ್ಲಾಸು ಗೊಳ್ಳೆಂದು ನಕ್ಕಿತು. ಸಾರ್ ನಾಟಕ ಆಡುತ್ತಿದ್ದಾರೆ ಎಂದುಕೊಂಡರು ಎಲ್ಲ. "ಎಲ್ಲಿದೆಯಮ್ಮ ತಪ್ಪು?" ಮೇಷ್ಟ್ರು ಮತ್ತೆ ಕೇಳಿದರು. ಅವರ ಮುಖ ಕಂಡದ್ದು ಬಾಗಿಲಲ್ಲಿದ್ದ ಟೀಚರಿಗೆ ಮಾತ್ರ.

ಅವಳು ಒಳಗೆ ಹೋಗಲಿಲ್ಲ. ಮರುದಿನ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಹದಿನೈದು ದಿನಗಳಲ್ಲಿ ಮೇಷ್ಟ್ರನ್ನು ರಜೆಯ ಮೇಲೆ ಕಳಿಸಿದರು. ನಿವೃತ್ತಿಗೆ ಇನ್ನು ಮೂರೇ ತಿಂಗಳಿತ್ತು.

*

ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಒಬ್ಬರೇ ನಿಂತು, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು.

"ಬಿಡಿ ಅಕ್ಕ, ನಾನು ಮಾಡ್ತೀನಿ."

"ಎಷ್ಟು ಮಕ್ಕಳು ಬಂದಿದಾರೆ ನೋಡೇ. ಶಾಲೆಯಿಂದ ಹೀಗೆ ಕಳಿಸಿಕೊಡ್ಬೇಕಿತ್ತು ಅವರನ್ನ. ಯಾವ ಪುಣ್ಯಾತ್ಮ ಚಾಡಿ ಹೇಳಿದ್ನೋ. ಕೇಳ್ದಾಗೆಲ್ಲ ಇವರು ನಕ್ಕು ಸುಮ್ಮನಾಗೋರು. ಪಕ್ಕದಲ್ಲೇ ಇದ್ದೋಳು ನೀನು, ನಿಂಗೂ ಗೊತ್ತಾಗ್ಲಿಲ್ವಾ?"

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಟೀಚರ್ ಅದನ್ನು ನಿಲ್ಲಿಸಿದಳು.

"ನಾನೇ ಅಕ್ಕ."

"ಏನು ನೀನೇ?"

"ಹೆಡ್‌ಮಾಸ್ಟರಿಗೆ ಹೇಳಿದ್ದು. ಮಕ್ಕಳಿಗೆ ತಪ್ಪೇ ಬಾಯಿಪಾಠ ಆಗೋಗುತ್ತೆ ಅಂತ ಭಯ ಆಯ್ತು. ಯಾರಾದ್ರೂ ಡಾಕ್ಟರಿಗೆ ತೋರಿಸ್ತಾರೆ ಅಂದ್ಕೊಂಡೆ. ಮನೆಗೇ ಕಳಿಸಿಬಿಡ್ತಾರೆ ಅಂತ ಗೊತ್ತಿರ್ಲಿಲ್ಲ."

ಮೇಷ್ಟ್ರ ಹೆಂಡತಿ ಲೋಟಗಳನ್ನು ಒಂದೊಂದಾಗಿ ಬೋರಲು ಹಾಕಿದರು. ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದರು: "ಆ ವರ್ಷ ಇವರು ಸಾರಿನ ಪಾತ್ರೆಗೆ ಎರಡೆರಡು ಸಲ ಉಪ್ಪು ಹಾಕೋರು. ನಾನು ತಿಂದು, ಚೆನ್ನಾಗಿದೆ ಅನ್ನೋಳು."

"ಅಕ್ಕ..."

"ಆದ್ರೂ ನೀನು ಅವರಿಗೇ ಹೇಳ್ಬೇಕಿತ್ತು. ನಿನ್ನ ಮಾತು ಕೇಳೋರು."

"ಹೌದು. ಹೇಳ್ಬೇಕಿತ್ತು."

"ಆಮೇಲೂ ಒಂಬತ್ತು ವರ್ಷ ನಮ್ಮನೇಲಿ ಊಟ ಮಾಡಿದೀಯ." ಅಷ್ಟು ಹೇಳಿ ಅವರು ಕೈ ಒರೆಸಿಕೊಂಡು ಹೊರಗೆ ಹೋದರು.

ಮೇಷ್ಟ್ರನ್ನು ಎತ್ತಿದರು. ದರ್ಜಿ, ಡ್ರೈವರ್ ಇಬ್ಬರೂ ತಲೆಯ ಕಡೆ ಹೆಗಲು ಕೊಟ್ಟರು. ಬೀದಿಯಲ್ಲಿ ನಿಂತಿದ್ದ ಗಾಡಿಗೆ ಏರಿಸಿದರು. ಜನ ಬೀದಿಗಿಳಿದರು. ಟೀಚರ್ ಗೇಟಿನ ಒಳಗೇ ನಿಂತಳು. ಕರೆಯದೆ ಅಕ್ಕನ ಜೊತೆ ಕಾರು ಹತ್ತುವ ಹಕ್ಕು ಅವಳಿಗೆ ಬೆಳಿಗ್ಗೆಯವರೆಗೂ ಇತ್ತು.

ಮೇಷ್ಟ್ರ ಹೆಂಡತಿ ಹಿಂದಿನ ಕಾರಿನಲ್ಲಿ ಕೂತು, ಕೈಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡರು. ಬಾಗಿಲು ಹಾಕಲು ಬಂದ ಬಸ್ ಡ್ರೈವರ್ ಆ ಕಡೆ ಈ ಕಡೆ ನೋಡಿದ.

"ಅಮ್ಮ, ಟೀಚರ್ ಬರಲ್ವಾ?"

ಅವರು ಮೇಷ್ಟ್ರಿದ್ದ ಮುಂದಿನ ಗಾಡಿಯನ್ನೇ ನೋಡುತ್ತಿದ್ದರು. ಅದು ಹೊರಟು ಬೀದಿಯ ತಿರುವು ಮುಟ್ಟುವವರೆಗೂ ಹಾಗೇ ಇದ್ದರು. ಆಮೇಲೆ, ಗೇಟಿನ ಕಡೆ ತಿರುಗದೆಯೇ, ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.