ಲಂಗರಿಗೆ ಹತ್ತಿದ ಮಣ್ಣು

ಬೆಳಿಗ್ಗೆ ಬಂದರಿನಲ್ಲಿ ಇಳಿದಾಗಿನಿಂದ ಕೆಂಚಣ್ಣ ನೆಲವನ್ನೇ ನೋಡುತ್ತ ನಡೆದಿದ್ದ. ಹಡಗಿಗೆ ಬಣ್ಣ ಬಳಿಯುವ ಕೆಲಸಕ್ಕೆ ಬಂದಿದ್ದ ಮಗ ಕಿರಣ ಹೋದ ತಿಂಗಳು ಇಲ್ಲೇ ಜಾರಿ ನೀರಿಗೆ ಬಿದ್ದಿದ್ದ. ಹೆಣ ಸಿಗಲಿಲ್ಲ. ಸತ್ತ ಜಾಗದ ಮಣ್ಣನ್ನಾದರೂ ತಂದು ರಾಮಗಿರಿಯ ಹೊಲದಲ್ಲಿ ಹೂಳಬೇಕು, ಅದರಲ್ಲೇ ಬೇರು ಬಿಡುವ ಹಾಗೆ ಮಾವಿನ ಸಸಿ ನೆಡಬೇಕು ಎಂದು ಹೆಂಡತಿ ಚಂದ್ರಕ್ಕ ಬಕೆಟ್ ಕೊಟ್ಟು ಕಳಿಸಿದ್ದಳು. ಮಗನೇ ಹಿಂದೊಮ್ಮೆ ತಂದಿದ್ದ ಬಣ್ಣದ ಖಾಲಿ ಬಕೆಟ್. ಕೆರೆ ನೋಡಿ ಬೆಳೆದವರು. ನೀರಿದ್ದಲ್ಲಿ ಕೆಸರು ಇರದೆ ಎಲ್ಲಿ ಹೋಗುತ್ತದೆ ಅಂದುಕೊಂಡಿದ್ದರು.

ಇಲ್ಲಿ ಕಂಡದ್ದೆಲ್ಲ ಕಲ್ಲು. ರಾಜರ ಕಾಲದ ಕಲ್ಲುಗೋಡೆ, ನೌಕಾದಳದವರ ಕಾಂಕ್ರೀಟು ಕಟ್ಟೆ, ತಂತಿಬೇಲಿ. ಬೂದುಬಣ್ಣದ ಯುದ್ಧನೌಕೆಗಳ ಹತ್ತಿರ ಕಾವಲಿನವನು ಬಿಡಲಿಲ್ಲ. ಹಿಂದಿ ಬರುತ್ತದೆಂದು ಜೊತೆಗೆ ಬಂದಿದ್ದ ಹೊಳಲ್ಕೆರೆಯ ಲಾರಿ ಡ್ರೈವರ್ ಹಜರತ್ ಅಲಿ ಎಷ್ಟು ಕೈಮುಗಿದರೂ ಅಷ್ಟೇ.

ಬಿಸಿಲೇರಿತು. ಹಳೆಯ ಫಿರಂಗಿಯ ಮೇಲೆ ಮಕ್ಕಳನ್ನು ಕೂರಿಸಿ ಜನ ಫೋಟೊ ತೆಗೆಯುತ್ತಿದ್ದರು. ಸುತ್ತ ಹೂವಿನ ಪಾತಿ.

"ಇಲ್ಲೈತೆ ನೋಡಣ್ಣ ಮಣ್ಣು. ತುಂಬ್ಕೊ, ಹೋಗಾಣ. ಅಕ್ಕಂಗೇನು ಗೊತ್ತಾಗ್ತದೆ?" ಎಂದ ಅಲಿ.

ಕೆಂಚಣ್ಣ ಒಂದು ಚಿಟಿಕೆ ತೆಗೆದು ಉಜ್ಜಿದ, ನಾಲಿಗೆಗೆ ಹಚ್ಚಿಕೊಂಡ. "ಎಲ್ಲಿಂದ್ಲೋ ಟ್ರ್ಯಾಕ್ಟರ್‌ನಾಗೆ ತಂದು ಸುರಿದಿರೋ ಕೆಮ್ಮಣ್ಣು ಕಣಲೇ. ಇದ್ರಾಗೆ ನನ್ನ ಮಗ ಎಲ್ಲವ್ನೆ?"

"ತಪ್ಪಾತಣ್ಣ."

ಸಂಜೆಗೆ, ದಂಡೆ ಮುಗಿಯುವಲ್ಲಿ, ಮೀನಿನ ದೋಣಿಯೊಂದು ಲಂಗರು ಎತ್ತುತ್ತಿತ್ತು. ಕೊಕ್ಕೆಯ ತುಂಬ ಕಡಲ ತಳದ ಕರಿ ಕೆಸರು. ಅಲಿ ಓಡಿಹೋಗಿ ಅದೇನು ಹೇಳಿದನೋ, ದೋಣಿಯ ಮುದುಕ ಲಂಗರನ್ನು ಮತ್ತೆ ಮತ್ತೆ ಇಳಿಸಿ, ಎತ್ತಿ, ಕೆಸರು ಕೆರೆದು ಬಕೆಟ್ ತುಂಬಿಸಿದ.

ಹೊಲದವನ ಅಭ್ಯಾಸ. ನಾರುವ ಆ ಕೆಸರನ್ನೂ ಕೆಂಚಣ್ಣ ನಾಲಿಗೆಗೆ ಹಚ್ಚಿದ. ಬರೀ ಉಪ್ಪು. ಇದರಲ್ಲಿ ಬೇರು ಹಿಡಿಯದೆಂದು ಸವಳು ನೆಲ ಉತ್ತವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಉಗುಳಲು ಹೋದವನು ತಡೆದು, ನುಂಗಿಕೊಂಡ.

ಅಲಿ ಫೋನು ಹಚ್ಚಿಕೊಟ್ಟ.

"ಸಿಕ್ತೇನ್ರಿ?" ಚಂದ್ರಕ್ಕನ ದನಿ.

"ಸಿಕ್ತು. ಅವನು ಬಿದ್ದ ನೀರಿನ ತಳದ್ದೇ. ಗುಂಡಿ ತೆಗ್ಸಿಡು."

"ತೆಗ್ಸೀನಿ. ಸಸಿನೂ ತಂದಿಟ್ಟೀನಿ. ಎರಡು ಚಿಗುರು ಬಿಟ್ಟೈತ್ರಿ."

ಕೆಂಚಣ್ಣ ಬಕೆಟ್‌ನ ಮುಚ್ಚಳ ಒತ್ತಿ ಹಿಡಿದ. "ಅದನ್ನ ಬಾವಿ ತಾವ ನೆಡು. ಇದ್ರ ಮೇಲೆ ಬ್ಯಾಡ."

"ಯಾಕ್ರಿ?"

"ಬ್ಯಾಡ ಅಂದ್ನಲ್ಲ. ಗುಂಡಿ ಮೇಲಿಡಾಕೆ ಒಂದು ಕಲ್ಲು ನೋಡಿಡು."