ಕತ್ತಿನ ಗೆರೆ

ಮತ್ತೆ ನಗು, ಪಾರ್ಟಿಶನ್ನಿನ ಆಚೆಯಿಂದ, ಹತ್ತನೇ ಕ್ಲಾಸಿನ ನಗು, ಆಮೇಲೆ ತಟ್ಟನೆ ಮೌನ, ಆ ಮೌನವೇ ಪದ್ಮಾಕ್ಷಿಗೆ ಹೆಚ್ಚು ಚುಚ್ಚುತ್ತದೆ, ಇಪ್ಪತ್ತೊಂದು ವರ್ಷ ಸಮಾಜ ಪಾಠ ಮಾಡಿದ ಅವಳ ಕ್ಲಾಸಿನಲ್ಲಿ ಮಕ್ಕಳು ಹೆದರಿ ಸುಮ್ಮನಿದ್ದದ್ದುಂಟು, ಕೇಳುವ ಆಸೆಗೆ ಸುಮ್ಮನಾದದ್ದು ಯಾವಾಗ — ಬರೆಯಿರಿ, ಮಣ್ಣಿನ ವಿಧಗಳು, ಒಂದು, ಕಪ್ಪು ಮಣ್ಣು, ಎಂದು ತನ್ನ ಒಂಬತ್ತನೆಯವರಿಗೆ ನೋಟ್ಸ್ ಹೇಳುತ್ತಾ ಅವಳು ಕಿವಿಯನ್ನು ಮಾತ್ರ ಆಚೆ ಕಳಿಸಿದ್ದಾಳೆ. ಸಬೀಹಾ ಬಂದು ಎರಡು ತಿಂಗಳಾಗಿಲ್ಲ, ಅತಿಥಿ ಶಿಕ್ಷಕಿ, ದಿನಾ ಫರಂಗಿಪೇಟೆಯಿಂದ ಎರಡು ಬಸ್ಸು ಹಿಡಿದು ವಾಮದಪದವಿಗೆ ಬರುವ ಇಪ್ಪತ್ತಾರರ ಹುಡುಗಿ, ಅವಳಿಗೆ ಹತ್ತನೇ ಕ್ಲಾಸು ಕೊಡುವ, ಟೀಚರ್, ನಿಮಗೂ ಸ್ವಲ್ಪ ಆರಾಮ ಆಗ್ತದೆ ಅಂದರು ಹೆಡ್‌ಮಾಸ್ಟರು, ಆರಾಮ ಬೇಕೆಂದು ಕೇಳಿದವರು ಯಾರು. ವರ್ಣಭೇದ ನೀತಿ ಪದ್ಮಾಕ್ಷಿಯ ಪಾಠ, ನಾಲ್ಕು ಅಂಕದ ಪ್ರಶ್ನೆ, ಅವಳ ನೋಟ್ಸು ಜೆರಾಕ್ಸ್ ಆಗಿ ಬೆಳ್ತಂಗಡಿಯ ಶಾಲೆಗಳ ತನಕ ಹೋದದ್ದುಂಟು, ಈ ಹುಡುಗಿ ನೋಟ್ಸೇ ಕೊಡುವುದಿಲ್ಲ, ಪುಸ್ತಕ ಮುಚ್ಚಿ ಅನ್ನುತ್ತಾಳೆ, ದಕ್ಷಿಣ ಆಫ್ರಿಕಾ ನಾಳೆ ನೋಡುವ, ನಿಮ್ಮನ್ನು ಯಾರಾದರೂ ಬಣ್ಣ ನೋಡಿ, ಜಾತಿ ನೋಡಿ, ಭಾಷೆ ನೋಡಿ ಬೇರೆ ಮಾಡಿದ್ದುಂಟಾ, ಮೊದಲು ನಾನೇ ಹೇಳ್ತೇನೆ, ನೀವು ಕನ್ನಡ ಇಷ್ಟು ಚಂದ ಮಾತಾಡ್ತೀರಲ್ಲ ಅಂತ ಬಸ್ಸಿನಲ್ಲಿ ಕೇಳ್ತಾರೆ, ನಾನು ಹುಟ್ಟಿದ್ದೇ ಇಲ್ಲಿ. ಆಗ ಆ ನಗು. ಆಮೇಲೆ ಬಾಸಿತ್, ಕೊನೆಯ ಬೆಂಚಿನ ಬಾಸಿತ್, ಕಳೆದ ವರ್ಷ ಪದ್ಮಾಕ್ಷಿಯ ಮುಂದೆ ಬಾಯಿ ಬಿಡದವನು, ಆಟದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ ಟೀಚರ್, ಬ್ಯಾರಿ ಅಂತ ಜಾತಿ ಹಿಡಿದೇ ಕರೆಯುವುದು.

ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ, ಬಾಸಿತನ ಮಾತು ಹೋಗಲಿ, ವಿಸ್ಮಿತಾಳನ್ನು ಮಾತ್ರ ಬಿಟ್ಟುಕೊಡಲಾಗುತ್ತಿಲ್ಲ. ಎರಡು ವರ್ಷ ಪದ್ಮಾಕ್ಷಿಯ ಚೀಲ, ಚಾಕ್ ಪೆಟ್ಟಿಗೆ, ಉತ್ತರ ಪತ್ರಿಕೆಯ ಕಟ್ಟು ಎಲ್ಲ ಹೊತ್ತವಳು, ಬಸ್ ಸ್ಟ್ಯಾಂಡಿನ ತನಕ ಮಾತಾಡಿಕೊಂಡು ಬಂದವಳು, ಈಗ ಬೆಳಿಗ್ಗೆ ಗೇಟಿನ ಹತ್ತಿರ ಸಬೀಹಾಳ ಕೊಡೆ ಹಿಡಿಯಲು ಕಾಯುತ್ತಾಳೆ, ನಮಸ್ತೆ ಟೀಚರ್ ಎಂದು ಇವಳಿಗೆ ಒಂದು ಒಣ ನಮಸ್ತೆ. ಯಾರು ನಿಂತಿದ್ದರು ಆ ಹುಡುಗಿಯ ಪರವಾಗಿ? ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ, ಮೂಡುಬಿದಿರೆಯಿಂದ ಅತಿಥಿಗಳು ಬರುವವರಿದ್ದರು, ಹೂವಿನ ತಟ್ಟೆ ಹಿಡಿದು ನಿಲ್ಲಲು ಎಂಟು ಹುಡುಗಿಯರು, ಬೆಳ್ಳಗಿರುವವರನ್ನು ಮುಂದೆ ನಿಲ್ಲಿಸುವ, ಫೋಟೋ ಬರ್ತದೆ ಅಂದರು ಸರಸ ಟೀಚರ್, ಆಗ ಎದುರು ಮಾತಾಡಿದ್ದು ಯಾರು, ಪದ್ಮಾಕ್ಷಿಯೇ, ವಿಸ್ಮಿತಾಳೇ ಮೊದಲು ನಿಲ್ಲಬೇಕು, ಕ್ಲಾಸಿಗೆ ಫಸ್ಟ್ ಅವಳು ಎಂದು ಹಟ ಹಿಡಿದು ನಿಲ್ಲಿಸಿದ್ದಳು — ಎರಡು, ಕೆಂಪು ಮಣ್ಣು, ಅಡಿಗೆರೆ ಹಾಕಿ.

ಒಬ್ರು ಟೀಚರ್, ಎನ್ನುತ್ತಿದೆ ಆಚೆಯ ಸ್ವರ, ವಿಸ್ಮಿತಾಳದ್ದು, ಪದ್ಮಾಕ್ಷಿಯ ಕೈಯ ಚಾಕ್‌ಪೀಸು ಬೋರ್ಡಿನ ಮೇಲೆ ಹಾಗೇ ನಿಂತಿದೆ, ಒಬ್ರು ಟೀಚರ್ ನಂಗೆ ಮುಖಕ್ಕೆ ಮೂರು ಸಲ ಪೌಡರ್ ಹಾಕಿದ್ರು, ಕುತ್ತಿಗೆಗೆ ಹಾಕ್ಲಿಲ್ಲ, ಫೋಟೋದಲ್ಲಿ ಮುಖ ಬೇರೆ ಯಾರದ್ದೋ, ಕುತ್ತಿಗೆ ನನ್ನದು, ನಡುವೆ ಒಂದು ಗೆರೆ, ಅಮ್ಮ ಅದನ್ನು ಗೋಡೆಗೆ ಹಾಕಿದ್ದಾರೆ, ದಿನಾ ಕಾಣ್ತದೆ. ಹೆಸರು ಹೇಳಲಿಲ್ಲ, ಒಬ್ರು ಟೀಚರ್ ಅಂದಳು, ಅದೂ ಒಂದು ನೋವು, ಹೆಸರು ಹೇಳಿದ್ದರೂ ನೋವೇ. ತಾನು ಪ್ರೀತಿಯಿಂದ ಹಚ್ಚಿದ್ದು, ತನ್ನದೇ ಬ್ಯಾಗಿನ ಡಬ್ಬಿಯಿಂದ, ಗಲ್ಲ ಹಿಡಿದು, ಕಣ್ಣು ಮುಚ್ಚು ಮಗಾ ಎಂದು, ಈ ಕೈ ಹಾಗೆ ಕಲಿತದ್ದು ಅಮ್ಮನಿಂದ, ಗಂಡ ರುಕ್ಮಯ್ಯ ಹೆಣ್ಣು ನೋಡಲು ಬಂದ ದಿನ ಅಮ್ಮ ಹೀಗೇ ಮೂರು ಸಲ ಹಚ್ಚಿದ್ದರು, ಮದುವೆಯ ವಾರದಲ್ಲೇ ಅತ್ತೆ, ಅವತ್ತು ಬೆಳ್ಳಗೆ ಕಂಡಿದ್ದಳಲ್ಲ ಎಂದದ್ದು ಅಡುಗೆಮನೆಯ ತನಕ ಕೇಳಿಸಿತ್ತು, ಇದನ್ನು ಯಾರಿಗೂ ಹೇಳಿಲ್ಲ, ಇಪ್ಪತ್ತೊಂದು ವರ್ಷದ ನೋಟ್ಸಿನಲ್ಲಿ ಇದಿಲ್ಲ. ಸಬೀಹಾ ಮೊದಲು ತನ್ನದನ್ನು ಹೇಳಿದಳು, ಅದಕ್ಕೇ ಮಕ್ಕಳು ತಮ್ಮದನ್ನು ಕೊಟ್ಟರು, ಇಷ್ಟು ಸುಲಭವಿತ್ತಾ, ಇಷ್ಟು ಸುಲಭದ್ದು ತನಗೆ ಯಾಕೆ ಹೊಳೆಯಲಿಲ್ಲ, ಸಬೀಹಾಳ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದಷ್ಟೂ ಆ ಗೆರೆ ಬಿಳಿಯಾಗುತ್ತದೆ.

ಬೆಲ್ಲು. ಬಾಗಿಲಲ್ಲಿ ವಿಸ್ಮಿತಾ, ಟೀಚರ್, ಸಬೀಹಾ ಟೀಚರಿಗೆ ಆಫ್ರಿಕಾದ ಭೂಪಟ ಬೇಕಂತೆ, ನಾಳೆಗೆ. ಭೂಪಟ ಮೂಲೆಯಲ್ಲುಂಟು, ಅದನ್ನು ಸುರುಳಿ ಸುತ್ತಿ ಕೊಡುತ್ತಾ ಪದ್ಮಾಕ್ಷಿ ಕೇಳಬೇಕೆಂದಿದ್ದಾಳೆ, ನಂಗೆ ಯಾಕೆ ಹೇಳ್ಲಿಲ್ಲ ಮಗಾ, ನನ್ನ ಅಮ್ಮನೂ ಹೀಗೇ ಮಾಡಿದ್ದು ಗೊತ್ತುಂಟಾ ನಿಂಗೆ, ಆದರೆ ಕಣ್ಣಿಗೆ ಬಿದ್ದದ್ದು ಹುಡುಗಿಯ ಕೆನ್ನೆಯ ಮೇಲೆ ಬೆವರಿಗೆ ಅಂಟಿದ ಒಂದು ಕೂದಲೆಳೆ, ಅದನ್ನು ಸರಿಸಲು ಕೈ ತಾನಾಗಿ ಮೇಲೆದ್ದಿತು — ವಿಸ್ಮಿತಾ ಮುಖವನ್ನು ಹಿಂದಕ್ಕೆ ಎಳೆದುಕೊಂಡಳು, ಸ್ವಲ್ಪವೇ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿ, ಅವತ್ತಿನ ಹಾಗೇ, ಮತ್ತು ಪದ್ಮಾಕ್ಷಿಯ ಕೈ ಅಲ್ಲೇ ನಿಂತಿತು, ಐದೂ ಬೆರಳಿಗೆ ಚಾಕ್‌ಪೀಸಿನ ಹುಡಿ, ಬಿಳಿ, ಮುಂಗೈಯ ಹತ್ತಿರ ಹುಡಿ ಮುಗಿದು ಅವಳದೇ ಕಪ್ಪು ಶುರುವಾಗುವಲ್ಲಿ ಒಂದು ಗೆರೆ, ಅದೇ ಗೆರೆ.