ಚಾಮರಾಜನಗರದ ಕಲ್ಲು, ಟ್ರೋಮ್ಸೊದ ಹಿಮ

ನಾನು ಒಂದು ಕಲ್ಲು. ಕಪ್ಪು ಕಲ್ಲು. ಕಲ್ಲಿಗೆಂಥ ಕಥೆ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ನನಗೇನೂ ಅನ್ನಿಸುವುದಿಲ್ಲ. ಏನೂ ಅನ್ನಿಸದೆ ಇರುವುದು ನಮ್ಮ ಕುಲಕ್ಕೆ ಹುಟ್ಟಿನಿಂದಲೇ ಬಂದದ್ದು.

ಚಾಮರಾಜನಗರದ ಕಡೆಯ ಒಂದು ಕರಿಕಲ್ಲಿನ ಗಣಿಯಲ್ಲಿ ನಾನು ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ನನ್ನನ್ನು ಕಿತ್ತರು ಎನ್ನುವುದೇ ಸರಿ. ಲೆಕ್ಕವಿಲ್ಲದಷ್ಟು ಕಾಲ ಬಂಡೆಯ ಹೊಟ್ಟೆಯಲ್ಲಿ ತೆಪ್ಪಗೆ ಬಿದ್ದಿದ್ದೆ. ಒಂದು ದಿನ ತಂತಿಗರಗಸ ಬಂತು, ಕ್ರೇನು ಬಂತು, ಲಾರಿ ಬಂತು. ಕಾರ್ಖಾನೆಯಲ್ಲಿ ನನ್ನನ್ನು ಹಲಗೆಯ ಹಾಗೆ ಸೀಳಿ, ತಲೆಯ ಭಾಗವನ್ನು ದುಂಡಗೆ ಮಾಡಿ, ಹೊಳಪು ಕೊಡುವ ಚಿಕ್ಕತಾಯಮ್ಮನ ಮುಂದೆ ನಿಲ್ಲಿಸಿದರು.

ಚಿಕ್ಕತಾಯಮ್ಮ ದಿನವಿಡೀ ನೀರು ಹಾಕಿ ಉಜ್ಜುತ್ತಿದ್ದಳು. ಊಟದ ಹೊತ್ತಿಗೆ ನನ್ನ ಮುಖದಲ್ಲಿ ತನ್ನ ಮುಖ ನೋಡಿಕೊಂಡು ಕುಂಕುಮ ಸರಿ ಮಾಡಿಕೊಳ್ಳುತ್ತಿದ್ದಳು. ಒಂದು ದಿನ ಲೋಡು ಹಾಕುವ ಸಿದ್ಧರಾಜುವನ್ನು ಕೇಳಿದಳು.

"ಈ ಕಲ್ಲು ಯಾವ ಸೀಮಗ ಹೋದ್ದು ಕನಣ್ಣ?"

"ಅದೆಲ್ಲೋ ಚಳಿ ದೇಸಕಂತ. ಸತ್ತೋರ್ ತಲ ಮ್ಯಾಲ ನಿಲ್ಲುಸ್ತರಂತ ಕನಕ್ಕ."

"ಅಯ್ಯೋ ಸಿವನೇ. ಯಾವುದೋ ದೊಡ್ಡ ಮನಗ ಹಾಕ್ತರೇನೋ ಅನ್ಕಂಡಿದ್ದಿ." ಆಮೇಲೆ ಒದ್ದೆ ಅಂಗೈಯನ್ನು ನನ್ನ ಮೇಲೆ ಇಟ್ಟು, "ಹೋಗ್ಲಿ ಬುಡು, ಅವರೂ ಮುಖ ನೋಡ್ಕಳ್ಳಿ" ಅಂದಳು. ಆ ಅಂಗೈ ಬಿಸಿಯಾಗಿತ್ತೇ? ಇದ್ದಿರಬೇಕು. ಅಲ್ಲಿ ಎಲ್ಲವೂ ಬಿಸಿಯಾಗಿದ್ದದ್ದರಿಂದ ನನಗೆ ಗೊತ್ತಾಗಲಿಲ್ಲ.

ಮರದ ಪೆಟ್ಟಿಗೆಯಲ್ಲಿ, ಹುಲ್ಲಿನ ನಡುವೆ, ಚೆನ್ನೈ ಬಂದರಿನಿಂದ ಹಡಗು ಹತ್ತಿದೆ. ಇಳಿದು ಇಳಿದು, ಹತ್ತಿ ಹತ್ತಿ, ಕೊನೆಗೆ ಪೆಟ್ಟಿಗೆ ಬಿಚ್ಚಿದ್ದು ನಾರ್ವೆ ದೇಶದ ಉತ್ತರದಲ್ಲಿರುವ ಟ್ರೋಮ್ಸೊ ಎಂಬ ಊರಿನಲ್ಲಿ. ಅದು ದ್ವೀಪದ ಮೇಲಿನ ಊರು. ಸುತ್ತ ಸಮುದ್ರ, ಸಮುದ್ರದ ಆಚೆ ಬೆಟ್ಟ, ಬೆಟ್ಟದ ಮೇಲೆ ಹಿಮ. ಬಣ್ಣ ಬಳಿದ ಮರದ ಮನೆಗಳು. ದ್ವೀಪದಿಂದ ಆಚೆ ದಡಕ್ಕೆ ಬಿಲ್ಲಿನಂತೆ ಬಾಗಿದ ಒಂದು ಉದ್ದನೆಯ ಸೇತುವೆ.

ಕಲ್ಲಿನ ಅಂಗಡಿಯಲ್ಲಿ ನನ್ನನ್ನು ಆರಿಸಿದವಳು ಗೆರ್ದ್ ಎಂಬ ಹೆಂಗಸು. ಅವಳ ತಂಗಿ ಆಸ್ಲೌಗ್‌ಳ ಗಂಡ ಹಾಲ್ವರ್ದ್ ಸತ್ತಿದ್ದ. ಬಂದರಿನಲ್ಲಿ ದೋಣಿಗಳ ಹಗ್ಗ ಕಟ್ಟುವ ಕೆಲಸ ಅವನದು. ಜನವರಿಯ ಒಂದು ಬೆಳಿಗ್ಗೆ ಕಟ್ಟೆಯ ಮೇಲಿನ ಮಂಜುಗಡ್ಡೆಯಲ್ಲಿ ಕಾಲು ಜಾರಿ ನೀರಿಗೆ ಬಿದ್ದ, ಅಷ್ಟೆ. ಆ ದೇಶದಲ್ಲಿ ಗಂಡನ ಹೆಸರಿನ ಕೆಳಗೆ ಬದುಕಿರುವ ಹೆಂಡತಿಯ ಹೆಸರನ್ನೂ ಕೆತ್ತಿಸಿಡುವುದುಂಟು. ಹುಟ್ಟಿದ ವರ್ಷ ಇರುತ್ತದೆ, ಮುಂದಿನ ಜಾಗ ಖಾಲಿ. ತಂಗಿಯನ್ನು ಕೇಳುವ ಸ್ಥಿತಿ ಇಲ್ಲವೆಂದು ಗೆರ್ದ್ ತಾನೇ ಹೇಳಿ ಎರಡೂ ಹೆಸರು ಕೆತ್ತಿಸಿದಳು.

ನೆಲದ ಹೆಪ್ಪು ಕರಗಿದ ಮೇಲೆ, ದ್ವೀಪದ ಇಳಿಜಾರಿನ ಸ್ಮಶಾನದಲ್ಲಿ ನನ್ನನ್ನು ನಿಲ್ಲಿಸಿದರು. ಆಸ್ಲೌಗ್ ಬಂದಳು. ನನ್ನ ಮುಂದೆ ಮೊಣಕಾಲೂರಿದಳು. ಚಿಕ್ಕತಾಯಮ್ಮ ಹೊಳಪು ಕೊಟ್ಟ ಮುಖವಲ್ಲವೇ, ಆಸ್ಲೌಗ್‌ಳ ಮುಖ ಅದರಲ್ಲಿ ಚೆನ್ನಾಗಿ ಮೂಡಿತು, ಅವಳದೇ ಹೆಸರಿನ ಮೇಲೆ. ಅವಳು ಅಳಲಿಲ್ಲ. ಎದ್ದು ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು. ಆಮೇಲೆ ನನ್ನ ಹತ್ತಿರ ಬರಲಿಲ್ಲ.

ಹತ್ತಿರ ಬರಲಿಲ್ಲ ಅಂದೆ, ಕಾಣಲಿಲ್ಲ ಅನ್ನಲಿಲ್ಲ. ಅವಳು ಪ್ರವಾಸಿಗಳ ಬಸ್ಸಿನಲ್ಲಿ ಊರು ತೋರಿಸುವ ಕೆಲಸದವಳು. ಸ್ಮಶಾನದ ಬೇಲಿಯ ಆಚೆಯೇ ರಸ್ತೆ. ಅಲ್ಲಿಂದ ಸೇತುವೆ, ಆಚೆ ದಡ, ಬೆಟ್ಟ ಎಲ್ಲ ಒಟ್ಟಿಗೆ ಕಾಣುತ್ತವೆ. ಬಸ್ಸು ಅಲ್ಲೇ ನಿಲ್ಲಬೇಕು. ಅವಳು ಇಳಿದು, ಸೊಂಟಕ್ಕೆ ಕಟ್ಟಿದ ಪುಟ್ಟ ಸ್ಪೀಕರಿನಲ್ಲಿ ಮಾತಾಡುತ್ತಿದ್ದಳು. ಸಮುದ್ರಕ್ಕೆ ಮುಖ, ನಮಗೆ ಬೆನ್ನು. ಆ ಊರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಬೆನ್ನಿನಿಂದ ಕಲಿತದ್ದು.

"ನವೆಂಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಇಲ್ಲಿ ಮತ್ತೆ ಕಾಣುವುದು ಜನವರಿಯಲ್ಲಿ. ಅವತ್ತು ಊರೆಲ್ಲ ಸೂರ್ಯನ ಹೆಸರಿನಲ್ಲಿ ಬನ್ನು ತಿನ್ನುತ್ತಾರೆ. ಬೇಸಿಗೆಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಸಮುದ್ರದ ಬಂಡೆಗಳಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳು ಈಗ ಪೇಟೆಯ ಕಿಟಕಿಗಳ ಮೇಲೆ ಕಟ್ಟುತ್ತಿವೆ. ಹಿಮಸಾರಂಗಗಳು ಊರಿನ ಆಚೆಯೇ ಮೇಯುತ್ತವೆ. ಇಷ್ಟು ಉತ್ತರದಲ್ಲಿದ್ದರೂ ಇಲ್ಲಿನ ಸಮುದ್ರ ಹೆಪ್ಪುಗಟ್ಟುವುದಿಲ್ಲ. ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹ ಅದಕ್ಕೆ ಕಾರಣ."

ಈ ಕೊನೆಯ ಮಾತು ಪ್ರತಿದಿನವೂ ಬರುತ್ತಿತ್ತು. ಹೆಪ್ಪುಗಟ್ಟಿದ್ದರೆ ಹಾಲ್ವರ್ದ್ ಮಂಜುಗಡ್ಡೆಯ ಮೇಲೆ ಬಿದ್ದು ಕೈಯನ್ನೋ ಕಾಲನ್ನೋ ಮುರಿದುಕೊಂಡು ಮನೆಗೆ ಹೋಗಿರುತ್ತಿದ್ದ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. ಪ್ರವಾಸಿಗಳು "ಹೌದೇ?" ಎಂದು ಅಚ್ಚರಿಪಡುತ್ತಿದ್ದರು, ಫೋಟೊ ತೆಗೆಯುತ್ತಿದ್ದರು, ಬಸ್ಸು ಹೋಗುತ್ತಿತ್ತು. ಮೈಯೆಲ್ಲ ಮರಗಟ್ಟಿದವರು ಹೇಗಿರುತ್ತಾರೆ ಎಂದು ಮನುಷ್ಯರಿಗಿಂತ ಚೆನ್ನಾಗಿ ನನಗೆ ಗೊತ್ತು. ಇವಳು ನಮ್ಮವಳೇ ಎಂದುಕೊಂಡೆ. ಆದರೂ ಒಂದು ಸಲ ಈ ಕಡೆ ತಿರುಗಲಿ ಎಂದು ಕಾಯುತ್ತಿದ್ದೆ. ಕಲ್ಲಿಗೆ ಯಾಕೆ ಬೇಕಿತ್ತು ಈ ಉಸಾಬರಿ, ಗೊತ್ತಿಲ್ಲ.

ಚಳಿಗಾಲದಲ್ಲಿ ಆ ಊರಿನ ಹಿಮ ನನ್ನ ತಲೆಯನ್ನೂ ಮುಚ್ಚಿ ಮೇಲಕ್ಕೆ ಹೋಗುತ್ತದೆ. ಇಡೀ ಸ್ಮಶಾನ ಒಂದೇ ಬಿಳಿ ಹಾಸು. ಆದರೆ ಕ್ರಿಸ್ಮಸ್ ಹಿಂದಿನ ದಿನ ತಮ್ಮವರ ಸಮಾಧಿಯ ಮೇಲೆ ದೀಪ ಇಡಲೇಬೇಕು. ಹಾಗಾಗಿ ಮಧ್ಯಾಹ್ನದ ನೀಲಿ ಮಬ್ಬಿನಲ್ಲಿ ಜನ ಸಲಿಕೆ ಹಿಡಿದು ಬಂದು, ಇಲ್ಲೇ ಇರಬೇಕು, ಅಲ್ಲ ಅಲ್ಲಿ, ಎಂದು ಅಂದಾಜಿನ ಮೇಲೆ ಅಗೆದು ಅಪ್ಪನನ್ನೋ ಅಜ್ಜಿಯನ್ನೋ ಹುಡುಕುತ್ತಾರೆ. ಸಂಜೆಯ ಹೊತ್ತಿಗೆ ಇಳಿಜಾರೆಲ್ಲ ಗುಂಡಿಗಳು, ಗುಂಡಿಗೊಂದು ದೀಪ. ನಾನು ಮಾತ್ರ ಹಿಮದಡಿಯಲ್ಲಿ ಕತ್ತಲೆಯಲ್ಲಿರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ನನ್ನ ಪಕ್ಕದಲ್ಲಿ ತುರಿದ್ ಎಂಬ ಹೆಂಗಸನ್ನು ಹೂಳಿದರು. ಅವಳ ಗಂಡ ಎಡ್ವಿನ್, ಫೆರ್ರಿಯಲ್ಲಿ ಎಂಜಿನ್ ನೋಡಿಕೊಂಡಿದ್ದ ದಪ್ಪ ಮೀಸೆಯ ಮುದುಕ. ಆ ಕ್ರಿಸ್ಮಸ್‌ಗೆ ಅವನು ಬೈದುಕೊಳ್ಳುತ್ತ ಅಗೆದ. ಹಿಮದಲ್ಲಿ ಗೂಡು ಮಾಡಿದ, ದೀಪ ಹಚ್ಚಿಟ್ಟ, ಟೊಪ್ಪಿ ತೆಗೆದು ಹೆಂಡತಿಗೆ ಮನೆಯ ಸುದ್ದಿಯನ್ನೆಲ್ಲ ಹೇಳಿದ. ಆಮೇಲೆ ನನ್ನ ಮುಖದ ಹಿಮ ಒರೆಸಿದ. ಹಾಲ್ವರ್ದ್ ಎಂದಿತ್ತು.

"ಹಾಳಾದ ಹಿಮ" ಅಂದ. ದೀಪದ ಕಡೆ ಕೈ ಚಾಚಿದ. ಹಿಂತೆಗೆದ. ಇನ್ನೊಂದು ದೀಪ ತರಲು ಅಂಗಡಿಯ ಕಡೆ ನಡೆದ.

ಮಾರನೆಯ ವರ್ಷ ಬರುವಾಗಲೇ ಎರಡು ದೀಪ ತಂದಿದ್ದ. ಅದರ ಮಾರನೆಯ ವರ್ಷವೂ. ಯಾರೂ ಕೇಳಲಿಲ್ಲ, ಅವನೂ ಯಾರಿಗೂ ಹೇಳಲಿಲ್ಲ. ಬೇಲಿಯ ಆಚೆ ಬಸ್ಸು ಬಂದು ಹೋಗುತ್ತಿತ್ತು. ಆ ಬೆನ್ನು ಹಾಗೆಯೇ ಇತ್ತು.

ಆ ಊರಿನಲ್ಲಿ ಸಮಾಧಿಯ ಜಾಗವನ್ನು ಸದಾಕಾಲಕ್ಕೆ ಕೊಡುವುದಿಲ್ಲ. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಮನೆಯವರು ಬಂದು "ಇರಲಿ" ಅನ್ನಬೇಕು. ಅನ್ನದಿದ್ದರೆ ಕಲ್ಲು ಎತ್ತುತ್ತಾರೆ, ಜಾಗ ಇನ್ನೊಬ್ಬರಿಗೆ. ನನ್ನ ಇಪ್ಪತ್ತು ವರ್ಷ ತುಂಬಿದ ಶರತ್ಕಾಲದಲ್ಲಿ ಸ್ಮಶಾನ ನೋಡಿಕೊಳ್ಳುವವರು ಬಂದು ನನ್ನ ತಲೆಯ ಮೇಲೆ ಹಳದಿ ಚೀಟಿ ಅಂಟಿಸಿದರು. ಎಡ್ವಿನ್ ಅದನ್ನು ಓದಿದ. ಚೀಟಿ ನೋಡಿದ, ಆಸ್ಲೌಗ್‌ಳ ಹೆಸರಿನ ಮುಂದಿನ ಖಾಲಿ ಜಾಗ ನೋಡಿದ, ಟೊಪ್ಪಿ ಸರಿಪಡಿಸಿಕೊಂಡು ಹೊರಟುಹೋದ. ನನಗೇನೂ ಅನ್ನಿಸಲಿಲ್ಲ ಎಂದು ಹೇಳಿಕೊಂಡೆ. ಅದು ಸುಳ್ಳು. ನನಗೆ ಹೋಗಲು ಇಷ್ಟವಿರಲಿಲ್ಲ.

ಆ ಕ್ರಿಸ್ಮಸ್‌ಗೆ ಎಡ್ವಿನ್ ನನ್ನ ದೀಪ ಹಚ್ಚಿ, ತುರಿದ್‌ಳ ಗುಂಡಿ ಅಗೆಯುತ್ತಿದ್ದ. ಒಬ್ಬ ಹೆಂಗಸು ಸೊಂಟದವರೆಗಿನ ಹಿಮದಲ್ಲಿ ಕಾಲು ಕಿತ್ತಿಡುತ್ತ ಬಂದಳು. ಕೈಯಲ್ಲಿ ಸಲಿಕೆ ಇಲ್ಲ, ದೀಪವಿಲ್ಲ. ನನ್ನ ಗುಂಡಿಯ ಅಂಚಿನಲ್ಲಿ ನಿಂತಳು.

"ಇದನ್ನ ಇಟ್ಟವರು ಯಾರು?" ಅಂದಳು. ಆ ದನಿ ನನಗೆ ಗೊತ್ತಿತ್ತು. ಎಡ್ವಿನ್‌ಗೂ ಗೊತ್ತಿತ್ತು.

"ನೀವು ಬಸ್ಸಿನವರಲ್ಲವಾ?"

"ಹೌದು. ಇಟ್ಟವರು ಯಾರು?"

"ನಾನೇ. ನನ್ನ ಹೆಂಡತಿ ತೀರಿಕೊಂಡ ವರ್ಷ ತಪ್ಪು ಜಾಗ ಅಗೆದುಬಿಟ್ಟೆ. ಹಚ್ಚಿದ ದೀಪ ಕಿತ್ತು ಪಕ್ಕದವರಿಗೆ ಇಡೋದು ಚೆನ್ನಾಗಿರಲ್ಲ ಅನ್ನಿಸ್ತು. ಆಮೇಲೆ ಅದೇ ರೂಢಿ ಆಯ್ತು."

"ಪ್ರತಿ ವರ್ಷ?"

"ಪ್ರತಿ ವರ್ಷ."

ಅವಳು ನೀರಿನ ಆಚೆ ಕೈ ಮಾಡಿದಳು. "ನಾನು ಆಚೆ ದಡದಲ್ಲಿರೋದು. ಕಿಟಕಿಯಿಂದ ಈ ಗುಡ್ಡವೆಲ್ಲ ದೀಪವಾಗಿ ಕಾಣುತ್ತೆ. ಅದರಲ್ಲಿ ಹಾಲ್ವರ್ದ್ ಒಬ್ಬನೇ ಕತ್ತಲಲ್ಲಿದ್ದಾನೆ ಅಂತ ಪರದೆ ಎಳೆದುಬಿಡ್ತಿದ್ದೆ. ಜಾಗ ಬೇಕಾ ಅಂತ ಸ್ಮಶಾನದವರ ಕಾಗದ ಬಂದಿತ್ತು. ಇವತ್ತು ಒಂದು ಸಲ ನೋಡಿ, ಆಮೇಲೆ ಕಲ್ಲು ತೆಗೀರಿ ಅಂತ ಹೇಳೋಣ ಅಂತ ಬಂದೆ."

"ಇಲ್ಲ, ಕತ್ತಲಲ್ಲಿರಲಿಲ್ಲ" ಅಂದ ಎಡ್ವಿನ್. ಸಲಿಕೆಯನ್ನು ಅವಳ ಕಡೆ ಚಾಚಿದ. "ಅರ್ಧ ಅಗೆದಿದ್ದೀನಿ. ನನ್ನ ಬೆನ್ನು ಹಿಡ್ಕೊಂಡಿದೆ. ತುರಿದ್‌ಳನ್ನ ಸ್ವಲ್ಪ ತೆಗೀತೀರಾ?"

ಆಸ್ಲೌಗ್ ಅಗೆದಳು. ತುರಿದ್‌ಳ ದೀಪವನ್ನೂ ಅವಳೇ ಹಚ್ಚಿದಳು. ಆಮೇಲೆ ಗುಂಡಿಗಿಳಿದು, ಕೈಗವಸು ತೆಗೆದು, ಅಂಗೈಯನ್ನು ನನ್ನ ಮೇಲೆ ಇಟ್ಟಳು, ಸರಿಯಾಗಿ ಅವಳ ಹೆಸರಿನ ಮೇಲೆ. ಬಿಸಿಲ ನಾಡಿನಲ್ಲಿ ಹುಟ್ಟಿದ ನನಗೆ ಬಿಸಿ ಎಂದರೇನೆಂದು ಅವತ್ತು ಗೊತ್ತಾಯಿತು. ಸುಟ್ಟ ಹಾಗಾಯಿತು. ಅವಳು ಅಳುತ್ತಿದ್ದಳು. ಹಳದಿ ಚೀಟಿಯನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡಳು.

ಬೇಸಿಗೆಯಲ್ಲಿ ಎಂದಿನಂತೆ ಬಸ್ಸು ಬಂದು ನಿಂತಿತು. ಸೂರ್ಯ, ಹಕ್ಕಿ, ಹಿಮಸಾರಂಗ, ಎಲ್ಲ ಹೇಳಿದಳು. ಸಮುದ್ರ ಹೆಪ್ಪುಗಟ್ಟುವುದಿಲ್ಲ ಎನ್ನುವಲ್ಲಿ ನಿಲ್ಲಿಸಿದಳು. ಆಮೇಲೆ ತಿರುಗಿದಳು.

"ಆ ಕಪ್ಪು ಕಲ್ಲು ಕಾಣ್ತಿದೆಯಲ್ಲ, ಅಲ್ಲಿ ನನ್ನ ಗಂಡ ಇದ್ದಾನೆ" ಅಂದಳು. "ಇದೇ ಸಮುದ್ರದಲ್ಲಿ ಹೋದ. ಇಲ್ಲಿನವರು ಕ್ರಿಸ್ಮಸ್‌ಗೆ ಹಿಮ ಅಗೆದು ದೀಪ ಇಡ್ತಾರೆ. ಕೆಲವು ಸಲ ತಪ್ಪಿ ಪಕ್ಕದವರಿಗೆ ಇಡ್ತಾರೆ."

ಪ್ರವಾಸಿಗಳು ನಕ್ಕರು. ಅವಳೂ ಸ್ವಲ್ಪ ನಕ್ಕಳು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಎಡ್ವಿನ್ ತುರಿದ್‌ಳ ಪಕ್ಕಕ್ಕೆ ಬಂದ. ಆಸ್ಲೌಗ್ ಇರುವವರೆಗೆ ಹಾಲ್ವರ್ದ್‌ನ ಗುಂಡಿಯನ್ನೂ ಆ ಗಂಡಹೆಂಡಿರ ಗುಂಡಿಯನ್ನೂ ಅವಳೇ ಅಗೆದಳು. ಆಮೇಲೆ ಅವಳೂ ಇಲ್ಲಿಗೇ ಬಂದಳು. ಖಾಲಿ ಜಾಗದಲ್ಲಿ ಕೊನೆಯ ವರ್ಷ ಕೆತ್ತುವಾಗ ನನಗೆ ನೋವಾಯಿತು.

ಈಗ ನಾನು ವಾಲಿದ್ದೇನೆ. ಮೈಮೇಲೆ ಪಾಚಿ ಹತ್ತಿದೆ, ಚಿಕ್ಕತಾಯಮ್ಮನ ಹೊಳಪು ಅಲ್ಲಲ್ಲಿ ಮಾತ್ರ ಉಳಿದಿದೆ. ಬಸ್ಸು ಈಗಲೂ ನಿಲ್ಲುತ್ತದೆ. ಹೊಸ ಹುಡುಗಿ ಸೂರ್ಯನನ್ನು, ಹಕ್ಕಿಯನ್ನು, ಸಮುದ್ರವನ್ನು ತೋರಿಸಿ, ಕೊನೆಗೆ ನನ್ನ ಕಡೆ ಕೈ ಮಾಡಿ ತಪ್ಪಿ ಇಟ್ಟ ದೀಪದ ಸಂಗತಿ ಹೇಳುತ್ತಾಳೆ. ಅದೂ ಈಗ ಊರಿನ ವಿಶೇಷಗಳಲ್ಲಿ ಒಂದು. ಅವಳ ದನಿಯಲ್ಲಿ ಏರಿಳಿತವಿಲ್ಲ. ಪಾಪ, ದಿನಾ ಹೇಳಿ ಹೇಳಿ ಸಾಕಾಗಿರುತ್ತದೆ.

ತಲೆಯ ಮೇಲೆ ಮತ್ತೆ ಹಳದಿ ಚೀಟಿ ಬಂದಿದೆ. "ಇರಲಿ" ಅನ್ನುವವರು ಇನ್ನು ಯಾರೂ ಇಲ್ಲ. ಹಿಮ ಬೀಳುತ್ತಿದೆ, ಕುತ್ತಿಗೆಯವರೆಗೆ ಬಂದಿದೆ, ಕ್ರಿಸ್ಮಸ್ ಹತ್ತಿರವಾಗಿದೆ. ಯಾರಾದರೂ ಒಬ್ಬರು ತಪ್ಪು ಜಾಗ ಅಗೆಯಲಿ.